ಉಮ್ಮನ ತೋಳಿನ ಎರಡು ದಾಕು

ನನ್ನ ಅತ್ತೆಯ ಎಡತೋಳಿನ ಮೇಲೆ ಹಳೆಯ ನಾಲ್ಕಾಣೆಯಷ್ಟು ಅಗಲದ ಎರಡು ಗುಳಿಗಳಿದ್ದವು. ಒಂದರ ಕೆಳಗೊಂದು, ನಾದಿದ ಹಿಟ್ಟನ್ನು ಹೆಬ್ಬೆರಳಿನಿಂದ ಒತ್ತಿದ ಹಾಗೆ. ಅವರು ಸಣ್ಣ ಹುಡುಗಿಯಾಗಿದ್ದಾಗ ಊರಿಗೆ ಬಂದ ಸರಕಾರಿ ಮನುಷ್ಯನೊಬ್ಬ ಸಿಡುಬಿನ ದಾಕು ಹಾಕಿದ್ದನಂತೆ. ಈಗ ನಾವೆಲ್ಲ ಲಸಿಕೆ ಎನ್ನುವುದನ್ನು ನಮ್ಮ ಕಡೆಯ ಹಳಬರು ದಾಕು ಎನ್ನುತ್ತಿದ್ದರು. ಅದು ಹುಣ್ಣಾಗಿ, ಕೀವು ತುಂಬಿ, ಒಣಗಿ ಉದುರಿದ ಮೇಲೆ ಉಳಿದದ್ದು ಈ ಗುಳಿಗಳು. ಸಿಡುಬೆನ್ನುವುದು ಲೋಕದಿಂದಲೇ ಹೊರಟುಹೋಗಿದೆ, ಪಾಪ, ಅತ್ತೆಯ ದಾಕು ಇಷ್ಟು ವರ್ಷಗಳಿಂದ ಕೆಲಸವಿಲ್ಲದೆ ಕುಳಿತಿದೆ ಎಂದು ನಾನು ತಿಳಿದಿದ್ದೆ. ಅತ್ತೆಯ ಪ್ರಕಾರ ಅದು ಒಂದು ದಿನವೂ ಕುಳಿತದ್ದಿಲ್ಲ.

ಅವರು ಸೌದಿಯ ರಾಬಿಗ್‌ನ ನಮ್ಮ ಮನೆಗೆ ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಬಂದದ್ದು ಒಂದು ಚಳಿಗಾಲದಲ್ಲಿ. ಒಂಟೆಯಿಂದ ಬರುತ್ತದೆ ಎನ್ನುತ್ತಿದ್ದ ಹೊಸ ಜ್ವರದ ಸುದ್ದಿ ಆಗ ಎಲ್ಲರ ಬಾಯಲ್ಲೂ ಇತ್ತು. ವಯಸ್ಸಾದವರು, ಸಕ್ಕರೆ ಕಾಯಿಲೆಯವರು ಜನಸಂದಣಿಗೆ ಹೋಗಬಾರದೆಂದು ಹೇಳುತ್ತಿದ್ದರು. ಅತ್ತೆಗೆ ವಯಸ್ಸೂ ಆಗಿತ್ತು, ಸಕ್ಕರೆಯೂ ಇತ್ತು. ಆದರೆ ಅವರು ವಿಮಾನ ಹತ್ತಿ ಬಂದದ್ದೇ ಜನಸಂದಣಿಗೆ ಹೋಗಲಿಕ್ಕೆ. ಒಂದು ಉಮ್ರಾ ಮಾಡಬೇಕು, ಕಾಬಾವನ್ನು ಕಣ್ಣಿನಿಂದ ನೋಡಬೇಕು, ಆಮೇಲೆ ಅಲ್ಲಾಹು ಯಾವಾಗ ಕರೆದರೂ ಸರಿ. ಅದಕ್ಕೆಂದೇ ಊರಿನ ದರ್ಜಿಯಿಂದ ಹೊಲಿಸಿದ ಬಿಳಿ ಉಡುಪೊಂದು ಅವರ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮೇಲೆ ಇರುತ್ತಿತ್ತು. ಶುಕ್ರವಾರ ಬೆಳಿಗ್ಗೆ ಅದನ್ನು ತೆಗೆದು ಬಾಲ್ಕನಿಯಲ್ಲಿ ಗಾಳಿಗೆ ಹಾಕುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಅದರ ಮೇಲೆ ಕೂತ ಮರಳನ್ನು ಕೊಡವಿ ಮತ್ತೆ ಮಡಚಿಡುತ್ತಿದ್ದರು. ರಾಬಿಗ್‌ನಿಂದ ಮಕ್ಕಾಕ್ಕೆ ಕಾರಿನಲ್ಲಿ ಎರಡು ಗಂಟೆಯ ದಾರಿ. ಆದರೆ ಕಾರು ಓಡಿಸಬೇಕಾದವರು ನನ್ನ ಗಂಡ.

ನನ್ನ ಗಂಡ ರಿಫೈನರಿಯಲ್ಲಿ ಸೇಫ್ಟಿ ಸೂಪರ್‌ವೈಸರ್. ಬೇರೆಯವರ ತಲೆಗೆ ಹೆಲ್ಮೆಟ್ ಹಾಕಿಸುವುದು, ಸೊಂಟಕ್ಕೆ ಬೆಲ್ಟ್ ಕಟ್ಟಿಸುವುದೇ ಇವರ ಹೊಟ್ಟೆಪಾಡು. ಮನೆಯಲ್ಲೂ ನಾನು ಸ್ಟೂಲ್ ಹತ್ತಿದರೆ ಓಡಿಬಂದು ಅದರ ಕಾಲು ಹಿಡಿದು ನಿಲ್ಲುವ ಮನುಷ್ಯ. ಒಂಟೆ ಜ್ವರದ ಸುದ್ದಿ ಕೇಳಿದ ಮೇಲೆ ಕೇಳಬೇಕೇ.

"ಉಮ್ಮಾ, ಡಾಕ್ಟ್ರನ್ನು ಕೇಳದೆ ಹೋಗುವ ಹಾಗೆ ಇಲ್ಲ. ಅಲ್ಲಿ ಎಷ್ಟು ಜನ, ಎಷ್ಟು ಕೆಮ್ಮು ಗೊತ್ತುಂಟಾ?"

"ಕೆಮ್ಮಲಿ ಮೋನೆ. ನಾನು ಎಂತ, ಅವರ ಬಾಯಿಗೆ ಮುಖ ಹಿಡಿದು ನಿಲ್ಲುತ್ತೇನಾ?" ಎಂದು ಹೇಳಿ ಅತ್ತೆ ತೋಳು ಸರಿಸಿದರು. "ಇದು ನೋಡು. ಎರಡು ಉಂಟು."

ನಮ್ಮ ಮನೆಮಾತು ಬ್ಯಾರಿ. ಮೋನೆ ಎಂದರೆ ಮಗನೇ, ಮೋಳೆ ಎಂದರೆ ಮಗಳೇ. ಅತ್ತೆ ನನ್ನನ್ನು ಮೋಳೆ ಎನ್ನುತ್ತಿದ್ದರು, ನಾನೂ ಅವರನ್ನು ಉಮ್ಮಾ ಎಂದೇ ಕರೆಯುತ್ತಿದ್ದೆ. ಹಾಗಾಗಿ ಇನ್ನು ಮುಂದೆ ಉಮ್ಮ ಎಂದೇ ಬರೆಯುತ್ತೇನೆ. ಅತ್ತೆ ಎಂದು ಬರೆಯುವಾಗ ಯಾರದೋ ಮನೆಯವರ ಬಗ್ಗೆ ಹೇಳಿದಂತಾಗುತ್ತದೆ.

ತಮ್ಮ ದಾಕಿನ ಪರವಾಗಿ ಉಮ್ಮನ ಬಳಿ ಸಾಕ್ಷಿಗಳಿದ್ದವು. ಮನೆಯಲ್ಲಿ ಆರು ಮಕ್ಕಳಿಗೆ ಒಬ್ಬರ ಹಿಂದೊಬ್ಬರಂತೆ ಕೋಟ್ಲೆ, ಅಂದರೆ ಚಿಕನ್‌ಪಾಕ್ಸ್, ಎದ್ದಾಗ ಅಷ್ಟೂ ಜನರಿಗೆ ಬೇವಿನ ಎಲೆ ಸವರಿದ್ದು ಅವರೇ, ಒಂದು ಗುಳ್ಳೆಯೂ ಅವರ ಮೈಮೇಲೆ ಎದ್ದಿರಲಿಲ್ಲ. ಚಿಕುನ್‌ಗುನ್ಯ ಬಂದ ವರ್ಷ ಇಡೀ ಕೇರಿ ಗೋಡೆ ಹಿಡಿದು ನಡೆಯುತ್ತಿತ್ತು. "ನೆಟ್ಟಗೆ ನಿಂತದ್ದು ನಾನು ಮತ್ತು ನಮ್ಮ ದನ, ಎರಡೇ" ಎನ್ನುತ್ತಿದ್ದರು. ದನಕ್ಕೆ ಯಾರು ದಾಕು ಹಾಕಿದ್ದರೆಂದು ಕೇಳುವ ಧೈರ್ಯ ನನಗೆ ಇರಲಿಲ್ಲ. ನಾನು ಕಾನ್ವೆಂಟಿನಲ್ಲಿ ಕಲಿತವಳು, ಹಿರಿಯರು ಮಾತು ಮುಗಿಸುವ ತನಕ ಕೈಕಟ್ಟಿ ಕೇಳಿಯೇ ಅಭ್ಯಾಸ. ಉಮ್ಮನ ಮಾತು ಮುಗಿಯುತ್ತಿರಲಿಲ್ಲ, ಹಾಗಾಗಿ ನನ್ನ ಪ್ರಶ್ನೆಯ ಸರದಿ ಬರುತ್ತಲೂ ಇರಲಿಲ್ಲ.

ಪ್ರತಿ ಗುರುವಾರ ಸಂಜೆ ನಮ್ಮ ಬಿಲ್ಡಿಂಗಿನ ಹೆಂಗಸರು ಒಬ್ಬರ ಮನೆಯಲ್ಲಿ ಚಹಾಕ್ಕೆ ಸೇರುತ್ತಿದ್ದೆವು. ಆ ವಾರ ನಮ್ಮ ಮನೆ. ಗಂಡಸರೆಲ್ಲ ಹೊರಗೆ. ಬಾಗಿಲಿನ ಹಿಂದಿನ ಮೊಳೆಯಲ್ಲಿ ಹೊರಗೆ ತೊಡುವ ಏಳೆಂಟು ಕಪ್ಪು ಅಬಾಯಾಗಳು ಒಂದರ ಮೇಲೊಂದು ತೂಗುತ್ತಿದ್ದವು. ಮಾತು ಒಂಟೆ ಜ್ವರಕ್ಕೆ ಬಂದದ್ದೇ ತಡ, ಉಮ್ಮ ಸೋಫಾದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು ಎಲ್ಲರ ತೋಳುಗಳ ತಪಾಸಣೆ ಶುರುಮಾಡಿದರು. ನಮ್ಮ ತಲೆಮಾರಿನವರಿಗೆಲ್ಲ ಇದ್ದದ್ದು ಕ್ಷಯಕ್ಕೆಂದು ಹಾಕಿದ ಬಿಸಿಜಿಯ ಒಂದೇ ಗುರುತು. ಒಬ್ಬೊಬ್ಬರದನ್ನೂ ಬೆರಳಿನಿಂದ ಒತ್ತಿ ನೋಡಿ ಉಮ್ಮ ತೀರ್ಪು ಕೊಟ್ಟರು: "ಇದು ಅಡ್ಡಿಯಿಲ್ಲ." "ನಿನ್ನದು ಸ್ವಲ್ಪ ಮಾಸಿದೆ, ಜಾಗ್ರತೆ."

ಮೇಲಿನ ಮನೆಯ ಉಡುಪಿಯ ಗೆಳತಿ ಬಹಳ ಹೆಮ್ಮೆಯಿಂದ ತನ್ನ ತೋಳು ಚಾಚಿದಳು. ಅವಳದು ದೊಡ್ಡ ಗುರುತು. ಉಮ್ಮ ಕನ್ನಡಕ ಏರಿಸಿ ನೋಡಿದರು.

"ಇದು ಯಾರು ಹಾಕಿದ್ದು?"

"ಶಾಲೆಯಲ್ಲಿ ಇರಬೇಕು."

"ಅಲ್ಲ ಮಾರಾಯ್ತಿ, ಇದು ಎಣ್ಣೆ ಸಿಡಿದದ್ದು. ಎಂತ ಕರಿಯುತ್ತಿದ್ದೆ?"

ಅವಳು ತೋಳು ಹಿಂದಕ್ಕೆ ಎಳೆದುಕೊಂಡು, "ಗೋಳಿಬಜೆ" ಎಂದು ಒಪ್ಪಿಕೊಂಡಳು.

"ಗೋಳಿಬಜೆಯ ಗುರುತಿಗೆ ಜ್ವರ ಹೆದರುವುದಿಲ್ಲ. ನೀನು ಮಾಸ್ಕ್ ಹಾಕು."

ನನ್ನ ಗುರುತು ಸಣ್ಣದು, ಮೆಂತೆಕಾಳಿನಷ್ಟು. ನಾನು ಅದನ್ನು ಪಡೆದದ್ದು ಕಾನ್ವೆಂಟಿನ ಕಾರಿಡಾರಿನಲ್ಲಿ. ಸಿಸ್ಟರ್ ನಮ್ಮನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದ್ದರು. ಚುಚ್ಚಿಸಿಕೊಂಡ ಪ್ರತಿಯೊಬ್ಬಳೂ ಅಳುವ ಮೊದಲು "ಥ್ಯಾಂಕ್ಯೂ ಡಾಕ್ಟರ್" ಎನ್ನಬೇಕಿತ್ತು. ನಾನು ಗಡಿಬಿಡಿಯಲ್ಲಿ ಚುಚ್ಚುವ ಮೊದಲೇ ಥ್ಯಾಂಕ್ಯೂ ಹೇಳಿ ಸಾಲಿನಿಂದ ಹೊರಟಿದ್ದೆ, ಸಿಸ್ಟರ್ ಕಾಲರ್ ಹಿಡಿದು ವಾಪಸು ತಂದರು. ಉಮ್ಮ ನನ್ನ ಗುರುತನ್ನು ಹೆಚ್ಚು ಹೊತ್ತು ನೋಡಲಿಲ್ಲ. "ಇದ್ದದ್ದರಲ್ಲಿ ಆಗಬಹುದು" ಎಂದರು. ಪಾಸ್ ಮಾರ್ಕು.

ಅಂತೂ ವೀಸಾದಲ್ಲಿ ಐದು ವಾರ ಉಳಿದಿರುವಾಗ ನನ್ನ ಗಂಡ ನಮ್ಮನ್ನು ಪಾಲಿಕ್ಲಿನಿಕ್‌ಗೆ ಕರೆದುಕೊಂಡು ಹೋದರು. ಅಲ್ಲಿದ್ದವರು ಹೈದರಾಬಾದಿನ ಒಬ್ಬ ಡಾಕ್ಟರಮ್ಮ. ಅವರದು ಉರ್ದು, ಉಮ್ಮನದು ಬ್ಯಾರಿ, ನಡುವೆ ನಾನು.

ಡಾಕ್ಟರಮ್ಮ ಸಕ್ಕರೆ ನೋಡಿದರು, ಎದೆಗೆ ಕೊಳವೆ ಇಟ್ಟರು. "ಹೋಗಬಹುದು" ಎಂದರು. "ಆದರೆ ಫ್ಲೂ ಲಸಿಕೆ ಹಾಕಿಸಿಕೊಳ್ಳಬೇಕು. ಅದು ಹಿಡಿಯಲು ಎರಡು ವಾರ ಬೇಕು, ಆಮೇಲೆ ಹೋಗಲಿ. ಮಾಸ್ಕ್ ಹಾಕಲಿ, ಕೈ ತೊಳೆಯಲಿ. ಒಂಟೆ ಜ್ವರಕ್ಕೆ ಲಸಿಕೆ ಇಲ್ಲ, ಇದು ಅದಕ್ಕಲ್ಲ. ಆದರೆ ಅಲ್ಲಿ ಹೆಚ್ಚಾಗಿ ಅಂಟುವುದು ಸಾದಾ ಫ್ಲೂ. ಸಕ್ಕರೆ ಇರುವವರಿಗೆ ಅದೂ ಸಾದಾ ಅಲ್ಲ."

ನಾನು ಹೇಳಿದೆ. ಉಮ್ಮ ತೋಳು ಸರಿಸಿದರು. "ಇವರಿಗೆ ಇದು ತೋರಿಸು. ಹೊಸತು ಬೇಡ ಎಂದು ಹೇಳು."

ನನಗೆ ನಾಚಿಕೆಯಾಯಿತು. ಓದಿದ ಹೆಂಗಸು ನಗುತ್ತಾರೆ ಎಂದುಕೊಂಡೆ. ಆದರೂ ಕೇಳಿದೆ: ಒಂದು ಕಾಯಿಲೆಗೆ ಹಾಕಿದ ದಾಕು ಇನ್ನೊಂದು ಕಾಯಿಲೆಯನ್ನು ತಡೆಯುತ್ತದಾ? ಡಾಕ್ಟರಮ್ಮ ನಗಲಿಲ್ಲ. ಪೆನ್ನಿನ ಮುಚ್ಚಳ ಹಾಕಿ ಕುರ್ಚಿಗೆ ಒರಗಿದರು.

"ಇವರು ಕೇಳಿದ್ದು ಹುಚ್ಚು ಪ್ರಶ್ನೆಯಲ್ಲ. ಕೆಲವು ಲಸಿಕೆ ಹಾಕಿಸಿಕೊಂಡ ಮಕ್ಕಳು ಸಂಬಂಧವೇ ಇಲ್ಲದ ಬೇರೆ ಕಾಯಿಲೆಗಳಿಂದಲೂ ಸ್ವಲ್ಪ ಉಳಿದುಕೊಳ್ಳುತ್ತಾರೆ ಎಂದು ಕೆಲವು ಡಾಕ್ಟರರು ಹೇಳುತ್ತಾರೆ. ಒಬ್ಬ ಕಳ್ಳನಿಗೆಂದು ಎಬ್ಬಿಸಿದ ಕಾವಲುಗಾರ ಎಚ್ಚರವಾಗಿಯೇ ಇದ್ದು ಇನ್ನೊಬ್ಬ ಕಳ್ಳನನ್ನೂ ಹಿಡಿದ ಹಾಗೆ. ಇನ್ನು ಕೆಲವರು ಇದನ್ನು ಒಪ್ಪುವುದಿಲ್ಲ. ಯಾವ ಲಸಿಕೆ, ಯಾರಿಗೆ, ಎಷ್ಟು ದಿನ, ಗಟ್ಟಿಯಾಗಿ ಯಾರಿಗೂ ಗೊತ್ತಿಲ್ಲ. ಐವತ್ತು ಅರವತ್ತು ವರ್ಷದ ಹಿಂದಿನ ಕಾವಲುಗಾರನನ್ನು ನಂಬಿ ಬಾಗಿಲು ತೆರೆದಿಡಬೇಡಿ ಎಂದು ಹೇಳಿ."

ಇದನ್ನು ಹೇಗೆ ದಾಟಿಸುವುದು? ಮೊದಲ ಅರ್ಧ ಬಿಟ್ಟರೆ ಕೆಲಸ ಸುಲಭವಿತ್ತು. ಆದರೆ ಅರ್ಧ ಸತ್ಯವೂ ಸುಳ್ಳೇ ಎಂದು ಕಾನ್ವೆಂಟಿನಲ್ಲಿ ಕಲಿತದ್ದು ಬಿಡಲಿಲ್ಲ. ಪೂರ್ತಿ ಹೇಳಿದೆ. ಉಮ್ಮ ಮೊದಲರ್ಧಕ್ಕೆ ತಲೆಯಾಡಿಸಿದರು, ಎರಡನೆಯ ಅರ್ಧದಲ್ಲಿ ನನ್ನ ಗಂಡನ ಕಡೆಗೆ ತಿರುಗಿ, "ಕೇಳಿದೆಯಾ ಮೋನೆ? ಡಾಕ್ಟ್ರು ಒಪ್ಪಿದರು" ಎಂದರು.

"ಉಮ್ಮಾ, ಅವರು ಒಪ್ಪಿದ್ದಲ್ಲ. ಗೊತ್ತಿಲ್ಲ ಎಂದದ್ದು."

"ಡಾಕ್ಟ್ರು ಗೊತ್ತಿಲ್ಲ ಎಂದರೆ ಒಪ್ಪಿದ ಹಾಗೆಯೇ. ನಮ್ಮ ಕಾವಲುಗಾರ ಇಷ್ಟರವರೆಗೆ ಕಣ್ಣು ಮುಚ್ಚಲಿಲ್ಲ ಎಂದು ಹೇಳು."

ನಾನು ಹೇಳಿದೆ. ಡಾಕ್ಟರಮ್ಮ ಸಕ್ಕರೆಯ ಚೀಟಿ ಎತ್ತಿ ತೋರಿಸಿದರು. "ಹಾಗಾದರೆ ಇದು ಒಳಗೆ ಹೇಗೆ ಬಂತು ಎಂದು ಕೇಳಿ."

"ಅದು ಕಳ್ಳ ಅಲ್ಲ," ಎಂದರು ಉಮ್ಮ. "ಅದನ್ನು ನಾನೇ ಕರೆದು ಕೂರಿಸಿದ್ದು, ಹಲ್ವ ಕೊಟ್ಟು."

ಇಬ್ಬರೂ ನಕ್ಕರು. ಇವರು ಮಾತ್ರ ನಗಲಿಲ್ಲ. "ಲಸಿಕೆ ಇಲ್ಲದಿದ್ದರೆ ಉಮ್ರಾ ಇಲ್ಲ. ನಾನು ಕಾರು ತೆಗೆಯುವುದಿಲ್ಲ" ಎಂದರು. ಸೈಟಿನಲ್ಲಿ ಹೆಲ್ಮೆಟ್ ಇಲ್ಲದವನನ್ನು ಗೇಟಿನ ಹೊರಗೆ ನಿಲ್ಲಿಸುವ ದನಿ.

ಉಮ್ಮ ಮಗನನ್ನು ಒಂದು ಕ್ಷಣ ನೋಡಿದರು. ಆಮೇಲೆ ನನಗೆ ಹೇಳಿದರು, "ಮೋಳೆ, ಡಾಕ್ಟ್ರಿಗೆ ಹೇಳು, ನನಗಾದರೂ ಎರಡು ಉಂಟು. ಇವನಿಗೆ ಒಂದೂ ಇಲ್ಲ. ಮೊದಲು ಇವನಿಗೆ ಹಾಕಲಿ, ಆಮೇಲೆ ನಾನು ಹಾಕಿಸುತ್ತೇನೆ."

ಹದಿನಾಲ್ಕು ವರ್ಷಗಳ ಸಂಸಾರದಲ್ಲಿ ಇವರ ತೋಳು ನೋಡದವಳೇನಲ್ಲ ನಾನು. ಅದು ನುಣ್ಣಗಿರುವುದನ್ನೂ ನೋಡಿದ್ದೆ, ಯಾಕೆಂದು ಮಾತ್ರ ಯೋಚಿಸಿರಲಿಲ್ಲ. ಉಮ್ಮ ಅಲ್ಲೇ ಎಲ್ಲ ಬಿಚ್ಚಿಟ್ಟರು: ಸೂಜಿಯವರು ಶಾಲೆಗೆ ಬಂದಾಗ ಇವರು ಕಿಟಕಿ ಹಾರಿ ಓಡಿ, ಸಂಜೆಯ ತನಕ ಮನೆಯ ಹಿಂದಿನ ಒಣಹುಲ್ಲಿನ ರಾಶಿಯೊಳಗೆ ಕುಳಿತಿದ್ದರಂತೆ. ಆಗ ಒಂದೊಂದೇ ನೆನಪಾಯಿತು. ನಮ್ಮ ಮಗಳು ಸಣ್ಣವಳಿದ್ದಾಗ ಅವಳಿಗೆ ಲಸಿಕೆ ಹಾಕಿಸುವ ದಿನ ಪ್ರತಿ ಸಲವೂ ಇವರಿಗೆ ಪಾರ್ಕಿಂಗ್ ಸಿಗುತ್ತಿರಲಿಲ್ಲ. ಖಾಲಿ ಮೈದಾನದ ಎದುರಿನ ಆಸ್ಪತ್ರೆಯಲ್ಲೂ ಸಿಗುತ್ತಿರಲಿಲ್ಲ.

"ಇವರಿಗೂ ಹಾಕಬಹುದು, ಒಳ್ಳೆಯದೇ" ಎಂದರು ಡಾಕ್ಟರಮ್ಮ.

ಇವರು ಗಡಿಯಾರ ನೋಡಿದರು. "ಅಸರ್ ಆಯಿತು" ಎಂದರು. ಸಂಜೆಯ ಆ ನಮಾಝಿನ ಬಾಂಗ್ ಆಗಲು ಇನ್ನೂ ಇಪ್ಪತ್ತು ನಿಮಿಷವಿತ್ತು. ಅಷ್ಟು ಬೇಗ ಮಸೀದಿಗೆ ಹೋದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಹೀಗೆ ತಾಯಿ ಮಗ ಎದುರುಬದುರು ಕುಳಿತರು. ಒಂದು ವಾರ ಹೋಯಿತು, ಇನ್ನೊಂದು ವಾರ ಶುರುವಾಯಿತು. ಲಸಿಕೆ ಹಿಡಿಯಲು ಎರಡು ವಾರ, ಹೋಗಿಬರಲು ಒಂದೆರಡು ದಿನ. ನಾನು ಅಡುಗೆಮನೆಯ ಕ್ಯಾಲೆಂಡರಿನ ಮುಂದೆ ನಿಂತು ಬೆರಳು ಮಡಚುತ್ತಿದ್ದೆ. ಇವರು ದಿನಕ್ಕೊಂದು ಉಪಾಯ ತರುತ್ತಿದ್ದರು.

"ಮುಂದಿನ ವರ್ಷ ಮತ್ತೆ ವೀಸಾ ತೆಗೆಯುವ."

"ಮುಂದಿನ ವರ್ಷ ಅವರ ಮಂಡಿ ಇರುತ್ತದಾ? ಇಲ್ಲಿ ಇರಲು ಇಕಾಮಾ ಮಾಡಿಸುವಾಗ ರಕ್ತ ಪರೀಕ್ಷೆ ಆಯಿತಲ್ಲ, ಆಗ ನೀವು ಎಂತ ಮಾಡಿದಿರಿ?"

ಇವರು ಗೋಡೆಯ ಕ್ಯಾಲೆಂಡರನ್ನು ನೆಟ್ಟಗೆ ಮಾಡಿದರು. "ಇಬ್ಬರು ಹಿಡಿದಿದ್ದರು" ಎಂದರು.

"ಯಾರು?"

"ಒಬ್ಬ ನೇಪಾಳಿ, ಒಬ್ಬ ಬಂಗಾಳಿ. ಒಳ್ಳೆಯ ಜನ."

ನಗು ತಡೆಯಲು ನಾನು ಫ್ರಿಜ್ಜಿನೊಳಗೆ ತಲೆ ಹಾಕಿ ಇಲ್ಲದ ಮೊಸರನ್ನು ಹುಡುಕಬೇಕಾಯಿತು. ಮೂವತ್ತು ಮೀಟರ್ ಎತ್ತರದ ಏಣಿ ಹತ್ತಿ ಬೇರೆಯವರ ಬೆಲ್ಟ್ ಎಳೆದು ನೋಡುವ ಮನುಷ್ಯ.

ಶುಕ್ರವಾರ ಬಂತು. ಉಮ್ಮ ಬಿಳಿ ಉಡುಪನ್ನು ಬಾಲ್ಕನಿಗೆ ತರಲಿಲ್ಲ. ನಾನು ಮುಸುಂಬಿ ಸುಲಿದು ತಟ್ಟೆ ಹಿಡಿದುಕೊಂಡು ಅವರ ಕೋಣೆಗೆ ಹೋದರೆ, ಪೆಟ್ಟಿಗೆ ತೆರೆದು ಕುಳಿತಿದ್ದರು. ಊರಿನ ಮಕ್ಕಳಿಗೆ ತೆಗೆದಿಟ್ಟ ಹಾಲಿನ ಪುಡಿಯ ಡಬ್ಬಿಗಳು, ಸೋಪು, ಮುಲಾಮು ಎಲ್ಲವನ್ನೂ ನೆಲದ ಮೇಲೆ ಹರಡಿ, ಮೇಲಿದ್ದ ಬಿಳಿ ಉಡುಪನ್ನು ಪೆಟ್ಟಿಗೆಯ ತಳಕ್ಕೆ ಹಾಕಿ, ಅದರ ಮೇಲೆ ಡಬ್ಬಿಗಳನ್ನು ಜೋಡಿಸುತ್ತಿದ್ದರು. ಮಾತಿಲ್ಲ, ಕೋಪವಿಲ್ಲ. ಬಟ್ಟೆಯ ಅಂಚು ಮಡಚಿಹೋಗದಂತೆ ಒಂದು ಸಲ ಸವರಿದರು, ಅಷ್ಟೆ. ನನ್ನ ಹಿಂದೆ ಇವರು ನಿಂತಿದ್ದರು. ಯಾವಾಗ ಬಂದರೋ ತಿಳಿಯಲಿಲ್ಲ. ಬಂದಂತೆಯೇ ಹೊರಟೂ ಹೋದರು.

ಆ ಸಂಜೆ ಬಚ್ಚಲಿನ ಬಾಗಿಲು ಅರ್ಧ ತೆರೆದಿತ್ತು. ಇವರು ಬನಿಯನ್ನಿನಲ್ಲಿ ಕನ್ನಡಿಯ ಮುಂದೆ ನಿಂತು ತಮ್ಮ ನುಣ್ಣಗಿನ ತೋಳನ್ನು ತಾವೇ ಚಿವುಟಿ ನೋಡುತ್ತಿದ್ದರು. ನನ್ನನ್ನು ಕಂಡು ಅಂಗಿ ಎಳೆದುಕೊಂಡರು.

"ನಿನಗೆ ಆಗ ತುಂಬಾ ನೋವಾಗಿತ್ತಾ?"

"ಥ್ಯಾಂಕ್ಯೂ ಹೇಳುವಷ್ಟರಲ್ಲಿ ಮುಗಿದಿತ್ತು" ಎಂದೆ. ಇದು ಪೂರ್ತಿ ಸತ್ಯವಲ್ಲ. ಸಿಸ್ಟರ್ ಕ್ಷಮಿಸಬೇಕು.

"ನಾಳೆ ಅಸರ್ ಆದ ಮೇಲೆ ಹೋಗುವ. ಉಮ್ಮನಿಗೆ ನೀನೇ ಹೇಳು."

ಮರುದಿನ ಕ್ಲಿನಿಕ್ಕಿನಲ್ಲಿ ಇವರು ಮೊದಲು ಫಿಲಿಪ್ಪೀನಿನ ನರ್ಸಿನಿಂದ ಲಸಿಕೆಯ ಪೆಟ್ಟಿಗೆ ಇಸಕೊಂಡು ಎಕ್ಸ್‌ಪೈರಿ ದಿನಾಂಕ ಓದಿದರು. ಫ್ರಿಜ್ಜಿನ ತಾಪಮಾನ ಕೇಳಿದರು. ಕುರ್ಚಿಯ ಕಾಲು ಅಲುಗಾಡುತ್ತದೆಂದು ಬೇರೆ ಕುರ್ಚಿ ತರಿಸಿದರು. ಅದರ ಕೈ ಸರಿಯಿಲ್ಲವೆಂದು ಮೊದಲಿನದನ್ನೇ ತರಿಸಿದರು. ಎಮರ್ಜೆನ್ಸಿ ಬಾಗಿಲು ಯಾವುದೆಂದು ವಿಚಾರಿಸಿದಾಗ ನರ್ಸ್ ನನ್ನ ಕಡೆ ನೋಡಿದಳು. ನಾನು ಗೋಡೆಯ ಮೇಲಿನ ಕಣ್ಣಿನ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

"ಕೂರು ಮೋನೆ," ಎಂದು ಉಮ್ಮ ಇವರ ಬಲಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. "ಇಲ್ಲಿ ಹುಲ್ಲಿನ ರಾಶಿ ಇಲ್ಲ. ಬಿಸ್ಮಿ ಹೇಳು."

ಇವರು ಕಣ್ಣು ಮುಚ್ಚಿದರು, ಹಲ್ಲು ಕಚ್ಚಿದರು, ಹಣೆಯಲ್ಲಿ ಬೆವರು ಇಳಿಯಿತು. ನರ್ಸ್ ಹತ್ತಿ ಒತ್ತಿ "ಫಿನಿಶ್" ಎಂದಳು. ಇವರು ಒಂದು ಕಣ್ಣು ತೆರೆದರು. "ಆಯಿತಾ? ಇಷ್ಟೆಯಾ?" ಎದ್ದು ನಿಂತು ಎದೆಯುಬ್ಬಿಸಿ, "ಎಂತ ಇಲ್ಲ ಉಮ್ಮಾ, ಇರುವೆ ಕಚ್ಚಿದ ಹಾಗೆ. ನೀವು ಸುಮ್ಮನೆ ಹೆದರುವುದು" ಎಂದರು.

ಉಮ್ಮ ಕುರ್ಚಿಯಲ್ಲಿ ಕುಳಿತು ಬಲತೋಳು ಚಾಚಿದರು. ನರ್ಸ್ ಎಡಗೈಯಲ್ಲೇ ಹಾಕುವುದು ವಾಡಿಕೆ ಎಂದಳು. "ಬೇಡ ಎಂದು ಹೇಳು ಮೋಳೆ. ಅದರಲ್ಲಿ ಹಳೆಯವರು ಉಂಟು. ಹೊಸಬಳನ್ನು ತಂದು ಅದೇ ಮನೆಯಲ್ಲಿ ಸವತಿ ಮಾಡಿ ಕೂರಿಸಬಾರದು." ಇದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ನಾನು ತಡಕಾಡುವಷ್ಟರಲ್ಲಿ ನರ್ಸ್ ಬಲತೋಳಿಗೆ ಸ್ಪಿರಿಟ್ ಸವರಿ ಸೂಜಿ ಒಳಗೆ ಬಿಟ್ಟಾಗಿತ್ತು. ಹಿಂದಿನಿಂದ ಧೊಪ್ಪೆಂದು ಸದ್ದಾಯಿತು. ತಾಯಿಯ ತೋಳಿನೊಳಗೆ ಸೂಜಿ ಇಳಿಯುವುದನ್ನು ನೋಡಿದ ಸೇಫ್ಟಿ ಸೂಪರ್‌ವೈಸರ್ ನೆಲದ ಮೇಲೆ ನೀಟಾಗಿ ಮಲಗಿದ್ದರು, ಒಂದು ಕೈ ಎದೆಯ ಮೇಲೆ.

"ನನ್ನದು ಆಯಿತು, ಇವನನ್ನು ಎತ್ತಿ" ಎಂದರು ಉಮ್ಮ, ಹತ್ತಿ ಒತ್ತಿಕೊಂಡೇ.

ಎರಡು ವಾರ ಕಳೆದು, ವೀಸಾದಲ್ಲಿ ಎಂಟು ದಿನ ಉಳಿದಿರುವಾಗ, ಬೆಳಗಿನ ಜಾವದ ಸುಬಹ್ ನಮಾಝ್ ಮುಗಿಸಿ ನಾವು ಹೊರಟೆವು. ಉಮ್ಮ ಹಿಂದಿನ ಸೀಟಿನಲ್ಲಿ ಬಿಳಿ ಉಡುಪಿನಲ್ಲಿ ನೆಟ್ಟಗೆ ಕುಳಿತಿದ್ದರು, ಮುಖದಲ್ಲಿ ಮಾಸ್ಕ್. ಕೈಯಲ್ಲಿ ಊರಿನ ನೆರೆಮನೆಯ ಹುಡುಗಿ ಬರೆದುಕೊಟ್ಟ ಎರಡು ಬದಿಯ ಕಾಗದ: ಯಾರಿಗೆ ಮಗು ಆಗಬೇಕು, ಯಾರ ಕಣ್ಣಿನ ಆಪರೇಷನ್ ಸರಿಹೋಗಬೇಕು, ಯಾರ ಬಾವಿಯಲ್ಲಿ ನೀರು ಬರಬೇಕು. ಕಾಬಾವನ್ನು ಮೊದಲ ಸಲ ಕಂಡಾಗ ಬೇಡಿದ್ದು ತಪ್ಪುವುದಿಲ್ಲ ಎಂದು ನಮ್ಮವರ ನಂಬಿಕೆ. ದಾರಿಯುದ್ದಕ್ಕೂ ನಾನು ಓದಿದೆ, ಅವರು ಬಾಯಿಪಾಠ ಮಾಡಿದರು.

ಮಕ್ಕಾದಲ್ಲಿ ಉಮ್ಮ ಗಾಲಿಕುರ್ಚಿ ಬೇಡವೆಂದರು. ಇವರು ಒಂದು ಕಡೆ, ನಾನು ಒಂದು ಕಡೆ. ಒಳಗೆ ಹೋಗುವಾಗ ತಲೆ ತಗ್ಗಿಸಿಕೊಂಡೇ ನಡೆದರು. "ಈಗ ನೋಡಿ ಉಮ್ಮಾ" ಎಂದು ಇವರು ಹೇಳಿದಾಗ ಮುಖ ಎತ್ತಿದರು. ಅಷ್ಟು ಮಾತಿನ ಹೆಂಗಸು ನಿಂತಲ್ಲೇ ನಿಂತುಬಿಟ್ಟರು. ಮಾಸ್ಕ್ ಒದ್ದೆಯಾಗುವುದು ನನಗೆ ಕಾಣುತ್ತಿತ್ತು. ಕಾಬಾಕ್ಕೆ ಏಳು ಸುತ್ತು, ಆಮೇಲೆ ಸಫಾ ಮರ್ವಾ ಗುಡ್ಡಗಳ ನಡುವೆ ಏಳು ಸಲ, ಎಲ್ಲವನ್ನೂ ಕಾಲಿನಲ್ಲೇ ಮುಗಿಸಿದರು. ಮೂರು ಸಲ ಕುಳಿತರು, ಮೂರು ಸಲವೂ ತಾವಾಗಿಯೇ ಎದ್ದರು.

ವಾಪಸು ಬರುವ ದಾರಿಯಲ್ಲಿ ಇವರು ಕೇಳಿದರು, "ಕಂಡ ಕೂಡಲೇ ಎಂತ ಬೇಡಿದಿರಿ ಉಮ್ಮಾ? ಪಟ್ಟಿ ಪೂರಾ ಹೇಳಿದಿರಾ?"

ಉಮ್ಮ ಮಾಸ್ಕನ್ನು ಗಲ್ಲಕ್ಕೆ ಇಳಿಸಿದರು.

"ಪಟ್ಟಿ ಮರೆತುಹೋಯಿತು ಮೋನೆ. ಆಮೇಲೆ ಸುತ್ತುವಾಗ ಹೇಳಿದೆ. ಮೊದಲು ಕಂಡಾಗ ಬಾಯಿಗೆ ಬಂದದ್ದು ಒಂದೇ. ನೀನು ಆ ನೆಲದಲ್ಲಿ ಬಿದ್ದದ್ದು ಕಣ್ಣಿಗೆ ಕಟ್ಟಿತು. ಯಾ ಅಲ್ಲಾ, ನನ್ನ ಮಗನ ಸೂಜಿಯ ಹೆದರಿಕೆ ತೆಗೆ ಎಂದುಬಿಟ್ಟೆ."

ಬಾವಿ, ಮಗು, ಆಪರೇಷನ್ ಎಲ್ಲವನ್ನೂ ಹಿಂದೆ ತಳ್ಳಿ ಮುಂದೆ ಹೋದ ಆ ಒಂದು ಬೇಡಿಕೆಯನ್ನು ನೆನೆದು ನನಗೆ ನಗು ಬಂತು, ಪಟ್ಟಿಯ ಕಾಗದವನ್ನು ಜೋಪಾನವಾಗಿ ಮಡಚಿ ಬ್ಯಾಗಿನೊಳಗೆ ಇಟ್ಟೆ. ಇವರು ರಸ್ತೆ ನೋಡುತ್ತಾ, "ನೀರು ಕೊಡು" ಎಂದರು ನನಗೆ.

ಆ ಪಯಣದಿಂದ ನೆಗಡಿ ಹಿಡಿದುಕೊಂಡು ಬಂದವಳು ನಾನೊಬ್ಬಳೇ. ಹತ್ತು ದಿನ ಸೀನಿದೆ. ಲಸಿಕೆ ಹಾಕಿಸಿಕೊಳ್ಳಿ ಎಂದು ಎಲ್ಲರಿಗೂ ಹೇಳಿದವಳು, ಮಾತು ದಾಟಿಸುವ ಗಲಾಟೆಯಲ್ಲಿ ನನ್ನ ತೋಳನ್ನೇ ಮರೆತಿದ್ದೆ. ಉಮ್ಮ ಅದಕ್ಕೆ ನನ್ನ ಮೆಂತೆಕಾಳಿನ ಗುರುತನ್ನು ದೂರಿ, ಕಷಾಯ ಕಾಯಿಸಿ ಕೊಟ್ಟು, ವಿಮಾನ ಹತ್ತಿದರು. ದಾಕು ಅವರನ್ನು ಕಾಯಿತೋ, ಹೊಸ ಲಸಿಕೆ ಕಾಯಿತೋ, ಮಾಸ್ಕ್ ಕಾಯಿತೋ, ನನಗೆ ಗೊತ್ತಿಲ್ಲ. ಡಾಕ್ಟರಮ್ಮನಿಗೇ ಗೊತ್ತಿಲ್ಲದ್ದು ನನಗೆ ಹೇಗೆ ಗೊತ್ತಾಗಬೇಕು.

ಮರುವರ್ಷ ಇವರ ಕಂಪನಿಯಲ್ಲಿ ಫ್ಲೂ ಲಸಿಕೆಯ ಕ್ಯಾಂಪ್ ಇತ್ತು. ಸಂಜೆ ಇವರು ಅಂಗಿಯ ತೋಳು ಮಡಚಿಕೊಂಡೇ ಮನೆಗೆ ಬಂದರು. ಹತ್ತಿಯ ಮೇಲೆ ಅಡ್ಡಡ್ಡ ಎರಡು ಪಟ್ಟಿ. "ನಾನೇ ಮೊದಲು ನಿಂತದ್ದು," ಎಂದು ಹೇಳಿ, ಊರಿಗೆ ವಿಡಿಯೋ ಕಾಲ್ ಹಚ್ಚಿ ತೋಳನ್ನು ಫೋನಿಗೆ ಹಿಡಿದರು. "ಅಲ್‌ಹಮ್ದುಲಿಲ್ಲಾ, ನೋಡಿದೆಯಾ ಮೋಳೆ, ಅಲ್ಲಿ ಬೇಡಿದ ನನ್ನ ದುಆ ಕಬೂಲಾಯಿತು!" ಎಂದು ಆ ಕಡೆಯಿಂದ ಉಮ್ಮ ಕೂಗಿದ್ದು ಅಡುಗೆಮನೆಗೂ ಕೇಳಿಸಿತು. ಹತ್ತಿ ಅಚ್ಚ ಬಿಳಿಯಾಗಿತ್ತು, ಒಂದು ಚುಕ್ಕೆಯೂ ಇರಲಿಲ್ಲ. ಪಟ್ಟಿ ನಮ್ಮ ಮನೆಯ ಫಸ್ಟ್ ಏಯ್ಡ್ ಡಬ್ಬಿಯದರ ಹಾಗೆಯೇ ಕಂದು ಬಣ್ಣದ್ದು. ಆದರೆ ಅಂಥ ಪಟ್ಟಿ ಎಲ್ಲ ಕಡೆಯೂ ಸಿಗುತ್ತದೆ.

ರಾತ್ರಿಯೂಟಕ್ಕೆ ಇವರಿಗೆ ಒಂದು ಮೀನು ಹೆಚ್ಚು ಬಡಿಸಿದೆ. ಹತ್ತಿ ಎತ್ತಿ ನೋಡಲಿಲ್ಲ.